ವಿಮೆಯ ಚೀಟಿ ಹೊಳೆ ದಾಟಿಸದು

ಹಂಪಿಗೆ ಬರುವ ಪ್ರವಾಸಿಗಳ ಆರೋಗ್ಯದ ಮಾತು ಎದ್ದಾಗಲೆಲ್ಲ ನಮ್ಮ ಕಡೆಯ ದೊಡ್ಡ ಮನುಷ್ಯರ ಬಾಯಿಂದ ಒಂದೇ ಮದ್ದು ಹೊರಬೀಳುತ್ತದೆ. ಪ್ರವಾಸಿಗೆ ವಿಮೆ ಮಾಡಿಸಿರಿ. ಟಿಕೇಟಿನ ಜೊತೆಗೇ ನಾಲ್ಕು ಕಾಸು ಕಟ್ಟಿಸಿಕೊಳ್ಳಿರಿ. ಯಾವುದಾದರೊಂದು ಖಾಸಗಿ ಆಸ್ಪತ್ರೆಯೊಡನೆ ಕರಾರು ಮಾಡಿಕೊಳ್ಳಿರಿ. ಅಲ್ಲಿಗೆ ತಲೆನೋವು ಮುಗಿಯಿತು. ಕೇಳಲು ಇಂಪಾದ ಮಾತು. ಸರ್ಕಾರಕ್ಕೆ ಇಂಪು, ಏಕೆಂದರೆ ಬೊಕ್ಕಸದಿಂದ ಬಿಡಿಗಾಸು ಹೋಗುವುದಿಲ್ಲ. ವಿಮಾ ಕಂಪನಿಗೆ ಇಂಪು, ಏಕೆಂದರೆ ಕಂತು ಮುಂಗಡವಾಗಿ ಬರುತ್ತದೆ. ಖಾಸಗಿ ಆಸ್ಪತ್ರೆಯ ಧಣಿಗಂತೂ ಕಿವಿಗೆ ಜೇನು ಸುರಿದಂತೆ. ಬಂಡೆಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡವನಿಗೆ ಇದರಿಂದ ಏನಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾವು ಕೇಳುತ್ತೇವೆ.

ಕೇಳುವುದಕ್ಕೆ ತಕ್ಕ ಜಾಗವೆಂದರೆ ವಿರೂಪಾಪುರ ಗಡ್ಡಿ. ಹಂಪಿಯ ವಿರೂಪಾಕ್ಷನ ಗೋಪುರದ ಎದುರಿಗೆ, ತುಂಗಭದ್ರೆಯ ಆಚೆ ದಡದಲ್ಲಿ, ಹೊಳೆಯ ಕವಲುಗಳ ನಡುವೆ ಇರುವ ನೆಲ. ಈಚೆ ನಿಂತು ಕೂಗಿದರೆ ಆಚೆಗೆ ಕೇಳುವಷ್ಟು ಹತ್ತಿರ. ಆದರೆ ಈಚೆ ದಡ ಹೊಸಪೇಟೆ ತಾಲ್ಲೂಕು, 2021ರಿಂದ ವಿಜಯನಗರ ಜಿಲ್ಲೆ. ಆಚೆ ದಡ ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ. ಭತ್ತದ ಗದ್ದೆಗಳ ಆ ಗಡ್ಡಿಯಲ್ಲಿ ವಿದೇಶಿ ತರುಣರು ತಿಂಗಳುಗಟ್ಟಲೆ ತಂಗುತ್ತಿದ್ದ ಕಾಲವೊಂದಿತ್ತು. ವಸತಿಗೃಹಗಳು ಸಾಲುಗಟ್ಟಿ ಎದ್ದುವು. ಬಾಡಿಗೆ ಮೊಪೆಡ್ಡು, ಬಂಡೆ ಹತ್ತುವವರಿಗೆ ಬಾಡಿಗೆ ಹಾಸಿಗೆ, ಹರಿಗೋಲಿನ ವಿಹಾರ, ಎಲ್ಲವೂ ಬಂದವು. ಅಷ್ಟೆಲ್ಲ ಬಂದ ಜಾಗಕ್ಕೆ ಹಾಸಿಗೆಗಳಿರುವ ಒಂದು ಆಸ್ಪತ್ರೆ ಬರಲಿಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಕಟ್ಟಡಗಳು ಅಕ್ರಮವೆಂಬ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚಿಯಲ್ಲಿ ಯಂತ್ರಗಳು ಬಂದು ನೆಲಸಮ ಮಾಡಿದವು. ಕೆಡವುವುದಕ್ಕೆ ಸರ್ಕಾರದ ಯಂತ್ರವು ಹೊಳೆ ದಾಟಿ ಬಂದಿತು. ರೋಗಿಯ ಗಾಡಿ ದಾಟುವುದು ಹೇಗೆಂಬ ಪ್ರಶ್ನೆ ಮಾತ್ರ ಈಚೆ ದಡದಲ್ಲೇ ಕುಳಿತಿದೆ.

ಈಗ ಪ್ರವಾಸಿಗಳು ಸಾಣಾಪುರ, ಆನೆಗೊಂದಿ, ಹನುಮನಹಳ್ಳಿಗಳಿಗೆ ಹಂಚಿಹೋಗಿದ್ದಾರೆ. ಗಡ್ಡಿಯ ಕಷ್ಟವೂ ಅವರೊಡನೆ ಹಂಚಿಹೋಗಿದೆ.

ನಾವು ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ದ್ವೀಪವೆಂದರೆ ಸುತ್ತಲೂ ನೀರಿರುವ ಭೂಭಾಗ ಎಂದು ಬಾಯಿಪಾಠ ಮಾಡಿಸಿದ್ದೆವು. ಪುಸ್ತಕದ ಮಟ್ಟಿಗೆ ಸರಿಯಾದ ಮಾತು. ಆದರೆ ಕಂಪ್ಲಿಯ ಜನರನ್ನು ಕೇಳಿರಿ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಗಂಗಾವತಿಯ ಆಸ್ಪತ್ರೆಗೆ ಹೊರಟಿದ್ದ ಬಸುರಿ ಸೇತುವೆಯ ಬಾಯಲ್ಲಿ ನಿಲ್ಲುತ್ತಾಳೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಹೊಳೆಯ ಎರಡೂ ದಡದ ಜನರು ನಿದ್ದೆಗೆಟ್ಟು ಕುಳಿತದ್ದನ್ನು ನಾವು ಕಂಡಿದ್ದೇವೆ. ಭೂಪಟದಲ್ಲಿ ಕಂಪ್ಲಿ ದ್ವೀಪವಲ್ಲ. ಆದರೆ ಆ ದಿನಗಳಲ್ಲಿ ಹೊಟ್ಟೆನೋವು ಬಂದವನಿಗೆ ಅದು ದ್ವೀಪವೇ.

2019ರ ಆಗಸ್ಟ್ ತಿಂಗಳನ್ನು ಯಾರೂ ಮರೆತಿರಲಾರರು. ಅಣೆಕಟ್ಟೆಯ ಬಾಗಿಲುಗಳನ್ನು ಎತ್ತಿದಾಗ ವಿರೂಪಾಪುರ ಗಡ್ಡಿಯಲ್ಲಿ ನೂರಾರು ಪ್ರವಾಸಿಗಳು ಸಿಕ್ಕಿಬಿದ್ದರು. ಅವರಲ್ಲಿ ವಿದೇಶಿಯರೂ ಇದ್ದರು. ವಿಪತ್ತು ನಿರ್ವಹಣೆಯ ದಳ, ಅಗ್ನಿಶಾಮಕದವರು, ಹೆಲಿಕಾಪ್ಟರು, ಎಲ್ಲವೂ ಬಂದವು. ರಕ್ಷಣೆಗೆ ಹೋದ ದೋಣಿಯೇ ಮಗುಚಿ, ರಕ್ಷಿಸಲು ಹೋದವರನ್ನೇ ರಕ್ಷಿಸಬೇಕಾಯಿತು. ಜೀವದ ಹಂಗು ತೊರೆದು ನೀರಿಗಿಳಿದ ಆ ಜವಾನರಿಗೆ ನಮ್ಮ ನಮಸ್ಕಾರ. ಅಂದು ಯಾವ ದೋಣಿಯವನೂ ಹಗ್ಗ ಎಸೆಯುವ ಮೊದಲು ನಿನ್ನ ವಿಮೆಯ ಚೀಟಿ ಎಲ್ಲಿ ಎಂದು ಕೇಳಲಿಲ್ಲ. ಕೇಳಿದ್ದರೆ ನಾವೆಲ್ಲರೂ ಅವನ ಮುಖಕ್ಕೆ ಉಗಿಯುತ್ತಿದ್ದೆವು. ಹಾಗಿದ್ದರೆ ಅದೇ ಮನುಷ್ಯನನ್ನು ದಡಕ್ಕೆ ತಂದು ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿದ ಮೇಲೆ ಅದೇ ಪ್ರಶ್ನೆ ಮರ್ಯಾದೆಯ ಪ್ರಶ್ನೆ ಆಗುವುದು ಹೇಗೆ?

ಇನ್ನು ವಿಮೆಯ ಚೀಟಿಯನ್ನೇ ಬಿಡಿಸಿ ಓದೋಣ. ಗಿರಣಿಯ ಲೆಕ್ಕ ನೋಡುವ ಗುಮಾಸ್ತನಿಗೂ ತಿಳಿಯುವ ಹಾಗೆ ಹೇಳುವುದು ಕಷ್ಟವೇನಲ್ಲ. ದೊಡ್ಡ ಅಕ್ಷರದಲ್ಲಿ ಲಕ್ಷಗಳ ಮಾತು, ಸಣ್ಣ ಅಕ್ಷರದಲ್ಲಿ ಕೊಡದಿರುವ ಮಾತು. ಬಾಡಿಗೆ ಮೊಪೆಡ್ಡಿನಲ್ಲಿ ಹೋಗುವಾಗ ಬಿದ್ದೆಯಾ? ಆ ಗಾಡಿ ಓಡಿಸಲು ತಕ್ಕ ಪರವಾನಗಿ ನಿನ್ನ ಬಳಿ ಇಲ್ಲದಿದ್ದರೆ ಹಣವಿಲ್ಲ. ಕುಡಿದಿದ್ದೆಯಾ? ಹಣವಿಲ್ಲ. ಬಂಡೆ ಹತ್ತುತ್ತಿದ್ದೆಯಾ? ಅದು ಅಪಾಯದ ಆಟ. ಬೇರೆ ಕಂತು ಕಟ್ಟಿರದಿದ್ದರೆ ಹಣವಿಲ್ಲ. ಹಳೆಯ ಕಾಯಿಲೆ ಕೆರಳಿತೇ? ಬಹುತೇಕ ಚೀಟಿಗಳಲ್ಲಿ ಅದಕ್ಕೂ ಇಲ್ಲ. ಹಂಪಿಗೆ ಬರುವ ಪರದೇಶದ ತರುಣನು ಮಾಡುವುದೇ ಮೊಪೆಡ್ಡು ಓಡಿಸುವುದು ಮತ್ತು ಬಂಡೆ ಹತ್ತುವುದು. ಅವೆರಡನ್ನೂ ಬಿಟ್ಟು ಉಳಿದದ್ದಕ್ಕೆಲ್ಲ ರಕ್ಷಣೆ ಕೊಡುವ ಕಂಪನಿಯ ಔದಾರ್ಯವನ್ನು ಏನೆಂದು ಹೊಗಳೋಣ! ಮಳೆಗಾಲ ಬಿಟ್ಟು ಉಳಿದ ಕಾಲದಲ್ಲಿ ಕೊಡೆ ಬಾಡಿಗೆಗೆ ಕೊಟ್ಟಂತೆ.

ನಮ್ಮ ದೇಶದ ವಿಮಾ ಚೀಟಿಗಳಲ್ಲಿ ಇನ್ನೊಂದು ಚಮತ್ಕಾರವಿದೆ. ಆಸ್ಪತ್ರೆ ಎಂದರೇನು ಎಂಬುದಕ್ಕೆ ಅವರದೇ ಒಂದು ವ್ಯಾಖ್ಯೆ. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10 ಹಾಸಿಗೆ, ದೊಡ್ಡ ಊರಿನಲ್ಲಿ 15. ಹಗಲಿರುಳು ದಾದಿಯರು, ಶಸ್ತ್ರಕ್ರಿಯೆಯ ಕೋಣೆ. ಸಾಮಾನ್ಯವಾಗಿ 24 ಗಂಟೆ ಒಳರೋಗಿಯಾಗಿ ಮಲಗಿದ್ದರೆ ಮಾತ್ರ ಖರ್ಚಿನ ಲೆಕ್ಕ. ಹಂಪಿಯಲ್ಲಿ ಹೆಚ್ಚಾಗಿ ಆಗುವುದೇನು? ಕೋತಿ ಕಚ್ಚುತ್ತದೆ. ಬಾಳೆಹಣ್ಣಿನ ಚೀಲ ಹಿಡಿದವರ ಕೈಗೆ ಕೋತಿ ಬಾಯಿ ಹಾಕುವುದನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ನಾಯಿ ಕಚ್ಚಿದರೂ ಕೋತಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಮೊದಲ ಸೂಜಿ, ಆಮೇಲೆ 3ನೆಯ ದಿನ, 7ನೆಯ ದಿನ, ಹೀಗೆ ತಿಂಗಳವರೆಗೆ ಸೂಜಿ ಹಾಕಿಸಿಕೊಳ್ಳಬೇಕು. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಇನ್ನೊಂದು ದುಬಾರಿ ಮದ್ದು ಚುಚ್ಚಬೇಕು. ಇದಕ್ಕೆ ಯಾರೂ 24 ಗಂಟೆ ಮಲಗುವುದಿಲ್ಲ. ಆದ್ದರಿಂದ ಹೆಚ್ಚಿನ ಚೀಟಿಗಳ ಕಣ್ಣಿಗೆ ಇದು ಕಾಯಿಲೆಯೇ ಅಲ್ಲ. ಹುಚ್ಚುನಾಯಿಯ ರೋಗ ಒಮ್ಮೆ ತಲೆಗೇರಿತೆಂದರೆ ಮದ್ದಿಲ್ಲ, ಸಾವೇ ಗತಿ ಎಂಬುದು ಕಂಪನಿಯ ವೈದ್ಯರಿಗೆ ತಿಳಿಯದ ವಿಷಯವಲ್ಲ. ಆ ಸೂಜಿಯನ್ನು ಕಾಸಿಲ್ಲದೆ ಕೊಡುವುದು ಯಾರು? ಸರ್ಕಾರಿ ಆಸ್ಪತ್ರೆ. ಸೂಜಿ ಮುಗಿದಿದೆ, ನಾಳೆ ಬನ್ನಿ ಎಂದು ಕಳಿಸುವುದೂ ಅದೇ ಸರ್ಕಾರಿ ಆಸ್ಪತ್ರೆ. ಅದನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇವೆ.

ಹಾವಿನ ವಿಷಯವೂ ಹೀಗೆಯೇ. ಕಮಲಾಪುರದ ಬಾಳೆತೋಟ, ಕಬ್ಬಿನ ಗದ್ದೆ, ಹಾಳು ಮಂಟಪ, ಎಲ್ಲೆಡೆ ಹಾವಿದೆ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಪ್ರಕರಣವೆಂದು ಘೋಷಿಸಿತು. ಒಳ್ಳೆಯ ಕೆಲಸ, ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಮದ್ದು. ಕುದುರೆಯ ಮೈಯಲ್ಲಿ ತಯಾರಾಗುವ ಆ ಮದ್ದಿಗೆ ಬೇಕಾದ ವಿಷದಲ್ಲಿ ದೊಡ್ಡ ಪಾಲನ್ನು ಹಿಂಡಿಕೊಡುತ್ತಾ ಬಂದವರು ತಮಿಳುನಾಡಿನ ಇರುಳರು. 1978ರಲ್ಲಿ ಅವರು ಕಟ್ಟಿಕೊಂಡದ್ದು ಸಹಕಾರ ಸಂಘ, ಕಂಪನಿಯಲ್ಲ. ನಮ್ಮ ದೊಡ್ಡ ಮನುಷ್ಯರು ಇದನ್ನು ನೆನಪಿಡಬೇಕು. ಹಾವು ಕಚ್ಚಿದವನಿಗೆ ಬೇಕಾದುದು ಆ ಶೀಶೆ, ಅದನ್ನು ಏರಿಸಬಲ್ಲ ವೈದ್ಯ, ಉಸಿರು ನಿಂತರೆ ಉಸಿರು ಹಾಕುವ ಯಂತ್ರ, ಮತ್ತು ಹೊತ್ತು. ಈ ನಾಲ್ಕರಲ್ಲಿ ವಿಮೆಯ ಚೀಟಿಯು ಯಾವುದನ್ನು ತಂದುಕೊಡುತ್ತದೆ? ಆನೆಗೊಂದಿಯಲ್ಲಿ ಶೀಶೆ ಇಲ್ಲದಿದ್ದರೆ ಪ್ಯಾರಿಸ್ಸಿನಲ್ಲಿ ಕಟ್ಟಿದ ಕಂತಿಗೆ ಬೆಲೆಯೇನು?

ನಮ್ಮ ಮಾತಿಗೆ ಒಬ್ಬ ಅಂಗಡಿಕಾರ ಗೆಳೆಯರು ಅಡ್ಡಬಂದರು. “ಪರದೇಶದವನು ಹಣವುಳ್ಳವನು, ಅವನ ಚಿಂತೆ ನಿಮಗೇಕೆ? ಗಿರಣಿಯವರ ಚಿಂತೆ ಮಾಡಿರಿ” ಎಂದರು. ಮಾತು ಖಾರವಾಗಿದೆ, ಆದರೆ ಅದರಲ್ಲಿ ಎರಡು ತಪ್ಪಿವೆ.

ಮೊದಲನೆಯದು, ಪ್ರವಾಸಿ ಎಂದರೆ ಬಿಳಿ ಚರ್ಮದವನೆಂದು ತಿಳಿದಿರುವುದು. ಹಂಪಿಗೆ ಬರುವವರಲ್ಲಿ ಬಹುಮಂದಿ ನಮ್ಮವರೇ. ಟೆಂಪೋದಲ್ಲಿ ತುಂಬಿ ಬರುವ ಮದುವೆಯ ದಿಬ್ಬಣ, ಶಾಲೆಯ ಮಕ್ಕಳು, ಹುಣ್ಣಿಮೆಗೆ ಹುಲಿಗೆಮ್ಮನಿಗೆ ಹೋಗುವವರು, ಅಂಜನಾದ್ರಿಯ 575 ಮೆಟ್ಟಿಲನ್ನು ಉರಿಬಿಸಿಲಿನಲ್ಲಿ ಹತ್ತುವ ಎಪ್ಪತ್ತು ವರ್ಷದ ಅಜ್ಜಿ. ಆ ಅಜ್ಜಿಗೆ ಎದೆ ಹಿಡಿದರೆ ಏನು ಮಾಡಬೇಕು? ಹೃದಯದ ಹೆಪ್ಪು ಕರಗಿಸುವ ಸೂಜಿಯೊಂದಿದೆ. ಕೊಂಡರೆ ಹತ್ತಾರು ಸಾವಿರ ರೂಪಾಯಿ. ಪುನೀತ್ ರಾಜ್‌ಕುಮಾರರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದನ್ನು ಧರ್ಮಾರ್ಥವಾಗಿ ಕೊಡುವ ಏರ್ಪಾಟು ಮಾಡಲಾಯಿತು. ಹೀಗೆ ಮಾಡಬಹುದು ಎಂಬುದಕ್ಕೆ ಇದೇ ಸಾಕ್ಷಿ! ಸೂಜಿ ಆಸ್ಪತ್ರೆಯ ಕಪಾಟಿನಲ್ಲಿದ್ದರೆ ಅದು ಅಜ್ಜಿಯ ಊರು ಯಾವುದು, ಪಡಿತರ ಚೀಟಿಯ ಬಣ್ಣ ಯಾವುದು ಎಂದು ಕೇಳುವುದಿಲ್ಲ. ಆದರೆ ಬೆಟ್ಟದ ತುದಿಯಿಂದ ತಾಲ್ಲೂಕು ಆಸ್ಪತ್ರೆಯವರೆಗಿನ ದಾರಿ ಯಾರ ಜವಾಬ್ದಾರಿ?

ಪ್ರವಾಸಿ ಎಂಬ ಮಾತಿನಲ್ಲಿ ಇನ್ನೊಬ್ಬನೂ ಅಡಗಿದ್ದಾನೆ. ಸಂಡೂರಿನ ಅದಿರು ಹೊರುವ ಲಾರಿಯ ಚಾಲಕ ಬಿಹಾರದಿಂದ ಬಂದಿರುತ್ತಾನೆ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು, ಭತ್ತ ನಾಟಿಗೆ ಬರುವ ಹೆಂಗಸರ ತಂಡ, ಇವರೂ ಊರು ಬಿಟ್ಟು ಬಂದವರೇ. ಇವರು ಬಂದದ್ದು ನೋಡಲಿಕ್ಕಲ್ಲ, ದುಡಿಯಲಿಕ್ಕೆ, ಅದೊಂದೇ ವ್ಯತ್ಯಾಸ. ಹೊರರಾಜ್ಯದಿಂದ ಕರೆತಂದ ಕೂಲಿಗಾರರಿಗೆ ಧರ್ಮಾರ್ಥ ಚಿಕಿತ್ಸೆಯ ಏರ್ಪಾಟನ್ನು ಗುತ್ತಿಗೆದಾರನೇ ಮಾಡತಕ್ಕದ್ದೆಂದು 1979ರಲ್ಲಿಯೇ ಕಾನೂನು ಮಾಡಿದ್ದರು. ಆ ಕಾನೂನನ್ನು ಕಂಡ ಗುತ್ತಿಗೆದಾರನನ್ನು ನಾವು ಈವರೆಗೆ ಕಂಡಿಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಪ್ರವಾಸಿಯ ಆಸ್ಪತ್ರೆ ಬೇರೆ, ನಮ್ಮ ಆಸ್ಪತ್ರೆ ಬೇರೆ ಎಂದು ತಿಳಿಯುವುದು. ಹರಿಗೋಲು ಮಗುಚಿದರೆ ಪ್ರವಾಸಿಯೊಬ್ಬನೇ ಮುಳುಗುವುದಿಲ್ಲ, ಅಂಬಿಗನೂ ಮುಳುಗುತ್ತಾನೆ. ಬಂಡೆ ತೋರಿಸಲು ಹೋದ ಹುಡುಗನೂ ಜಾರುತ್ತಾನೆ. ದರೋಜಿಯ ಕಡೆಯ ಕರಡಿ ಹೊಲದಲ್ಲಿ ಮುಖ ಪರಚುವುದು ರೈತನದನ್ನೇ. ಅವನ ಕೈಯಲ್ಲಿ ವಿಮೆಯ ಚೀಟಿ ಇರುವುದಿಲ್ಲ, ಕುಡುಗೋಲು ಇರುತ್ತದೆ. ಪ್ರವಾಸಿಗೆ ಕಂಪನಿ ಚೀಟಿ ಕೊಟ್ಟು, ಹೆಚ್ಚು ಹಣವುಳ್ಳವನನ್ನು ಗಾಡಿ ಹತ್ತಿಸಿ ಬೆಂಗಳೂರಿಗೋ ಹುಬ್ಬಳ್ಳಿಗೋ ಕಳಿಸಿಬಿಟ್ಟರೆ ಇಲ್ಲಿಯ ಆಸ್ಪತ್ರೆಯನ್ನು ಸರಿಪಡಿಸಬೇಕೆಂದು ಗದ್ದಲ ಮಾಡುವವರಲ್ಲಿ ಒಬ್ಬ ಗಟ್ಟಿದನಿಯವನು ಕಡಿಮೆಯಾದನು. ಉಳಿದವರು ನಾವು. ನಮ್ಮ ದನಿ ಎಷ್ಟು ಕೇಳುತ್ತದೆಂಬುದು ಎಲ್ಲರಿಗೂ ಗೊತ್ತು.

ದುಡಿಯುವವನ ವಿಮೆಯ ಸ್ಥಿತಿಯನ್ನೂ ನೋಡಿರಿ. ರಾಜ್ಯ ವಿಮಾ ಕಾಯಿದೆ 1948ರದು. ಕಾನ್ಪುರ, ದಿಲ್ಲಿಗಳಲ್ಲಿ 1952ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಮಾಲೀಕನು ಕೊಡಬೇಕು, ಕಾರ್ಮಿಕನೂ ಕೊಡಬೇಕು, ಕಾಯಿಲೆ ಬಿದ್ದವನಿಗೆ ಚಿಕಿತ್ಸೆ ಹಕ್ಕಾಗಬೇಕು. ಇದರ ಮೂಲತತ್ತ್ವವನ್ನು ನಾವು ಒಪ್ಪುತ್ತೇವೆ. 2019ರ ಜುಲೈಯಿಂದ ಮಾಲೀಕನ ಪಾಲನ್ನು ಸಂಬಳದ ನೂರಕ್ಕೆ 4.75ರಿಂದ 3.25ಕ್ಕೆ, ಕಾರ್ಮಿಕನದನ್ನು 1.75ರಿಂದ 0.75ಕ್ಕೆ ಇಳಿಸಿದರು. ಇಳಿಸಿದ್ದರಲ್ಲಿ ಹೆಚ್ಚು ಉಳಿದದ್ದು ಯಾರಿಗೆಂದು ಗಣಿತ ಬಲ್ಲವರು ತಾವೇ ಕಳೆದು ನೋಡಲಿ. ತಿಂಗಳಿಗೆ 21,000 ರೂಪಾಯಿಯ ಮಿತಿಯನ್ನು 2017ರ ಜನವರಿಯಲ್ಲಿ ಇಟ್ಟರು. ಹಾಸಿಗೆಗಳುಳ್ಳ ಇಎಸ್‌ಐ ಆಸ್ಪತ್ರೆ ಎಂದರೆ ದಾವಣಗೆರೆ, ಹುಬ್ಬಳ್ಳಿಗಳ ಹೆಸರು ಹೇಳುತ್ತಾರೆ. ಗಿರಣಿಯ ಪಟ್ಟಿಗೆ ಬೆರಳು ಸಿಕ್ಕಿದವನು ಬೆರಳನ್ನು ಕೈಬಟ್ಟೆಯಲ್ಲಿ ಕಟ್ಟಿಕೊಂಡು ದಾವಣಗೆರೆಯ ಬಸ್ಸು ಹತ್ತಬೇಕೆ?

ಅಂಗಡಿ, ಹೋಟೆಲುಗಳಿಗೂ ಈ ಕಾಯಿದೆ ಹರಡಿತು. ಆದರೆ ಹತ್ತು ಮಂದಿ ಕೆಲಸಗಾರರಿರಬೇಕು. ಆಸ್ಪತ್ರೆ ಎನಿಸಿಕೊಳ್ಳಲು ಹತ್ತು ಹಾಸಿಗೆ, ಕಾರ್ಮಿಕ ಎನಿಸಿಕೊಳ್ಳಲು ಹತ್ತು ಮಂದಿ ಜೊತೆಗಾರರು! ಆನೆಗೊಂದಿಯ ಹೋಂಸ್ಟೇಯಲ್ಲಿ ಅಡಿಗೆಯವ, ಹಾಸಿಗೆ ಬಿಡಿಸುವ ಹೆಂಗಸು, ಗೇಟು ಕಾಯುವವ, ಹೀಗೆ ಮೂರೋ ನಾಲ್ಕೋ ಮಂದಿ. ಹಸಿವಿನ ಲೆಕ್ಕದಲ್ಲಿ ಅವರು ಮನುಷ್ಯರು, ಕಾಯಿದೆಯ ಲೆಕ್ಕದಲ್ಲಿ ಸೊನ್ನೆ. ಅಂಬಿಗನಿಗೆ, ಆಟೋದವನಿಗೆ, ತೆಂಗಿನಕಾಯಿ ಮಾರುವವಳಿಗೆ ಮಾಲೀಕನೇ ಇಲ್ಲ, ಆದ್ದರಿಂದ ಮಾಲೀಕನ ಪಾಲೂ ಇಲ್ಲ.

ಬಡವರಿಗೆ ಆಯುಷ್ಮಾನ್ ಇದೆಯಲ್ಲ ಎನ್ನುವಿರಿ. ಇದೆ. 2018ರಲ್ಲಿ ಆರೋಗ್ಯ ಕರ್ನಾಟಕವನ್ನೂ ಅದನ್ನೂ ಕೂಡಿಸಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಉಳಿದವರಿಗೆ ಖರ್ಚಿನ ನೂರಕ್ಕೆ 30ರಷ್ಟು, ಒಂದೂವರೆ ಲಕ್ಷ ಮೀರದಂತೆ ಎಂದು ಗೊತ್ತುಮಾಡಿದರು. ಈ “ಉಳಿದವರು” ಯಾರು? ಹೊಸಪೇಟೆಯ ಪೇಟೆಬೀದಿಯ ಸಣ್ಣ ಅಂಗಡಿಕಾರನೇ ಅವನು. ಬಡವನೆಂಬ ಚೀಟಿ ಅವನಿಗಿಲ್ಲ, ಇಎಸ್‌ಐ ಇಲ್ಲ. ಲಕ್ಷ ರೂಪಾಯಿಯ ಬಿಲ್ಲಿನಲ್ಲಿ ಎಪ್ಪತ್ತು ಸಾವಿರಕ್ಕೆ ಅವನು ಅಂಗಡಿಯ ಸರಕನ್ನೇ ಒತ್ತೆಯಿಡಬೇಕು. ಅವನು ತಾನಾಗಿ ಖಾಸಗಿ ವಿಮೆ ಮಾಡಿಸಿದರೆ ಆ ಕಂತಿನ ಮೇಲೂ ನೂರಕ್ಕೆ 18ರಂತೆ ತೆರಿಗೆ ಸುಲಿದರು; 2025ರ ಸೆಪ್ಟೆಂಬರ್ 22ರವರೆಗೆ ಸುಲಿದು ಆಮೇಲೆ ಬಿಟ್ಟರು. ಕಾಯಿಲೆಯ ಭಯಕ್ಕೂ ತೆರಿಗೆ ಹಾಕಿದ ಸರ್ಕಾರವಿದು.

ಹೊಳೆಯ ನಡುವೆ ವಾಸವಾಗಿರುವ ನಮ್ಮವರ ಕಥೆಯನ್ನೂ ಹೇಳಬೇಕು. 2013ರಲ್ಲಿ ಕೃಷ್ಣೆಗೆ ಪ್ರವಾಹ ಬಂದಾಗ ಯಾದಗಿರಿ ಜಿಲ್ಲೆಯ ನೀಲಕಂಠರಾಯನ ಗಡ್ಡಿಯ ತುಂಬುಬಸುರಿಯೊಬ್ಬಳು ಹೆರಿಗೆ ಆಸ್ಪತ್ರೆಯಲ್ಲಾಗಲೆಂದು ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಅಣ್ಣತಮ್ಮಂದಿರನ್ನು ಜೊತೆಗಿಟ್ಟುಕೊಂಡು, ಆ ಪ್ರವಾಹದಲ್ಲಿ ಈಜಿ ದಡ ಸೇರಿದಳು. ಪತ್ರಿಕೆಗಳು ಅವಳ ಧೈರ್ಯವನ್ನು ಹೊಗಳಿದವು. ಹೊಗಳಲಿ. ಆದರೆ ಒಂಬತ್ತು ತಿಂಗಳ ಬಸುರಿಯನ್ನು ಹೊಳೆಗೆ ಇಳಿಸಿದ ಆಡಳಿತವನ್ನು ಏನೆನ್ನಬೇಕು? ವಿರೂಪಾಪುರ ಗಡ್ಡಿಯ ಪ್ರವಾಸಿಗೆ ಹೆಲಿಕಾಪ್ಟರು ಬಂದದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ, ಬರಲೇಬೇಕಿತ್ತು. ನೀಲಕಂಠರಾಯನ ಗಡ್ಡಿಗೆ ಒಂದು ದೋಣಿಯಾದರೂ ಬರಬೇಕಿತ್ತು ಎಂಬುದಷ್ಟೇ ನಮ್ಮ ತಕರಾರು.

ಬೇರೆ ನಾಡುಗಳಲ್ಲಿ ಹೇಗಿದೆ? ಕ್ಯೂಬಾ ದ್ವೀಪದ ಸರ್ಕಾರವು 2010ರ ಮೇ 1ರಿಂದ ಪ್ರವಾಸಿಗಳೆಲ್ಲರೂ ವೈದ್ಯಕೀಯ ವಿಮೆ ಹೊಂದಿರಲೇಬೇಕೆಂದು ವಿಧಿಸಿತು. ನೋಡಿರಿ, ಸಮಾಜವಾದಿಗಳೇ ಕೇಳುತ್ತಾರಲ್ಲ ಎಂದು ನಮ್ಮನ್ನು ಚುಚ್ಚುವವರಿದ್ದಾರೆ. ಅವರು ಮರೆಯುವುದೇನೆಂದರೆ, ಆ ದ್ವೀಪವು ಮೊದಲು ಕೇರಿಕೇರಿಗೆ ವೈದ್ಯನನ್ನು ಕೂರಿಸಿತು, ತನ್ನ ಪ್ರಜೆಗೆ ಚಿಕಿತ್ಸೆಯನ್ನು ಧರ್ಮಾರ್ಥ ಮಾಡಿತು, ಅರ್ಧ ಶತಮಾನ ಕಳೆದ ಮೇಲೆ ಪರದೇಶದವನನ್ನು ಚೀಟಿ ಕೇಳಿತು. ನಮ್ಮವರು ವೈದ್ಯನನ್ನು ಕೂರಿಸದೆಯೇ ಚೀಟಿ ಕೇಳಲು ಹೊರಟಿದ್ದಾರೆ. ಕ್ಯೂಬಾದಲ್ಲಿಯೂ ಎಲ್ಲವೂ ಬೆಳ್ಳಗಿಲ್ಲ. ಅಲ್ಲಿ ಔಷಧಿಯ ಅಭಾವ ತೀವ್ರವಾಗಿದೆ. ವಿದೇಶಿಯರಿಗೆಂದೇ ಬೇರೆ ಚಿಕಿತ್ಸಾಲಯಗಳಿವೆ, ಅದು ನಮಗೆ ಒಪ್ಪಿಗೆಯಿಲ್ಲ. ಬ್ರಿಟನ್ನೂ ಒಂದು ದ್ವೀಪವೇ. 1948ರಲ್ಲಿ ಅಲ್ಲಿ ಹುಟ್ಟಿದ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಅಪಘಾತದ ವಿಭಾಗಕ್ಕೆ ಬಂದ ಯಾವ ದೇಶದವನಿಗೂ ಅಲ್ಲಿಯ ಚಿಕಿತ್ಸೆಗೆ ಬಿಲ್ಲಿಲ್ಲ. ಮುಂದೆ ಒಳರೋಗಿಯಾಗಿ ಸೇರಿದರೆ ಪರದೇಶದವನಿಗೆ ಬಿಲ್ಲು ಹೋಗುತ್ತದೆ. ಮೊದಲು ಗಾಯ, ಆಮೇಲೆ ಲೆಕ್ಕ. ಇದನ್ನು ನಾವು ಒಪ್ಪುತ್ತೇವೆ. ಪರದೇಶದ ಕಂಪನಿಯಿಂದ ಹೊಸಪೇಟೆಯ ಸರ್ಕಾರಿ ಆಸ್ಪತ್ರೆ ಹಣ ವಸೂಲು ಮಾಡಿಕೊಳ್ಳಲಿ. ಆ ಬರವಣಿಗೆಗೆ ಒಬ್ಬ ಗುಮಾಸ್ತನನ್ನು ಇಡಲಿ. ಗಾಯ ಹೊಲಿದ ಮೇಲೆ.

ನಮ್ಮಲ್ಲಿಯೂ ಈ ದಾರಿಯಲ್ಲಿ ಇಟ್ಟ ಹೆಜ್ಜೆಗಳಿಲ್ಲದಿಲ್ಲ. 2016ರಲ್ಲಿ ರಾಜ್ಯ ಸರ್ಕಾರವು ಹರೀಶ್ ಹೆಸರಿನ ಸಾಂತ್ವನ ಯೋಜನೆ ತಂದಿತು. ಲಾರಿಯಡಿ ಸಿಕ್ಕಿ ಪ್ರಾಣ ಬಿಡುವಾಗಲೂ ಕಣ್ಣು ದಾನಮಾಡಿದ ತರುಣನ ಹೆಸರು ಅದು. ರಸ್ತೆ ಅಪಘಾತದಲ್ಲಿ ಗಾಯಗೊಂಡವನು ಯಾವ ರಾಜ್ಯದವನಾಗಲಿ, ಯಾವ ದೇಶದವನಾಗಲಿ, ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ಸರ್ಕಾರವೇ ಕೊಡತಕ್ಕದ್ದೆಂದಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಮೋಟಾರು ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷದ ನಗದಿಲ್ಲದ ಚಿಕಿತ್ಸೆಯನ್ನು ಜಾರಿಗೆ ತಂದಿತು. ಜಾತಿ ಕೇಳದ, ಚೀಟಿ ಕೇಳದ ವಿಮೆ! ಆದರೆ ಚಕ್ರ ತಾಗಿರಬೇಕು. ಮೊಪೆಡ್ಡಿನಿಂದ ಬಿದ್ದರೆ ಉಂಟು, ಬಂಡೆಯಿಂದ ಬಿದ್ದರೆ ಇಲ್ಲ. ಲಾರಿ ಗುದ್ದಿದರೆ ಉಂಟು, ಹೊಳೆ ಎಳೆದರೆ ಇಲ್ಲ, ಹಾವು ಕಚ್ಚಿದರೆ ಇಲ್ಲ. ಮುರಿದ ಮೂಳೆಗೆ ಯಾವುದರಿಂದ ಮುರಿದೆನೆಂಬುದು ಗೊತ್ತಿರುತ್ತದೆಯೆ? ರಸ್ತೆಗೆ ಮಾಡಿದ್ದನ್ನು ಹೊಳೆಗೂ ಬಂಡೆಗೂ ಏಕೆ ಮಾಡಬಾರದು ಎಂದು ವಿಧಾನಸಭೆಯಲ್ಲಿ ನಮ್ಮ ಕಡೆಯ ಶಾಸಕರು ಕೇಳಬೇಕಾಗಿದೆ.

ಹಣವಿಲ್ಲ ಎಂಬ ಹಾಡನ್ನು ನಮ್ಮೆದುರು ಹಾಡಬೇಡಿರಿ. ವಿಠ್ಠಲ ದೇವಾಲಯ ನೋಡಲು 2018ರಲ್ಲಿ ಏರಿಸಿದ ದರದಂತೆ ನಮ್ಮವರು 40 ರೂಪಾಯಿ, ವಿದೇಶಿಯರು 600 ರೂಪಾಯಿ ತೆತ್ತು ಒಳಗೆ ಹೋದರು. ಆ ಹಣದಲ್ಲಿ ಕಮಲಾಪುರದ ಸರ್ಕಾರಿ ಆಸ್ಪತ್ರೆಗೆ ಒಂದು ಸೂಜಿಯಾದರೂ ಬಂದಿತೇ? ಸಂಡೂರಿನ ಗುಡ್ಡಗಳನ್ನು ಕಡಿದು ಸಾಗಿಸಿದ ಅದಿರಿನ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ 2015ರಿಂದ ಕೂಡುತ್ತಿದೆ. ಅದರಲ್ಲಿ ಕನಿಷ್ಠ ನೂರಕ್ಕೆ 60ರಷ್ಟು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂತಹ ಬಾಬುಗಳಿಗೇ ಹೋಗತಕ್ಕದ್ದೆಂದು ಅಂದೇ ನಿಯಮ ಮಾಡಿದರು. ಸಂಡೂರಿನ ಧೂಳು ಕುಡಿದವರ ಶ್ವಾಸಕೋಶದ ಹಣವದು. ಅದರ ಲೆಕ್ಕವನ್ನು ಗ್ರಾಮಗ್ರಾಮದ ಗೋಡೆಯ ಮೇಲೆ ಬರೆಸಿರಿ. ಎಷ್ಟು ಆಸ್ಪತ್ರೆಗೆ ಹೋಯಿತು, ಎಷ್ಟು ಕಮಾನು ಕಟ್ಟಲು ಹೋಯಿತು ಎಂದು ಜನರೇ ಕೂಡಿಸಿ ನೋಡುತ್ತಾರೆ.

ಸರ್ಕಾರಿ ಆಸ್ಪತ್ರೆ ಎಂದೊಡನೆ ಮೂಗು ಮುರಿಯುವವರಿಗೂ ಕಾರಣವಿದೆ, ಅದನ್ನು ಮುಚ್ಚಿಡುವುದು ನಮ್ಮ ಪದ್ಧತಿಯಲ್ಲ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿಯ ವಿಮ್ಸ್‌ನಲ್ಲಿ ವಿದ್ಯುತ್ತು ಹೋದ ಹೊತ್ತಿನಲ್ಲಿ ತೀವ್ರನಿಗಾ ವಿಭಾಗದ ರೋಗಿಗಳು ಸತ್ತರು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಏರಿಸಿದ ದ್ರಾವಣದ ಮೇಲೆ ಸಂಶಯ ಬಂದು ರಾಜ್ಯವೇ ನಡುಗಿತು. ಹಂಪಿಯಿಂದ ಹೊಸಪೇಟೆಗೆ 13 ಕಿಲೋಮೀಟರು, ಹೊಸಪೇಟೆಯಿಂದ ಬಳ್ಳಾರಿಗೆ 60ಕ್ಕೂ ಮಿಕ್ಕಿ. ಅಷ್ಟು ದೂರ ಸಾಗಿಸಿದವನಿಗೆ ಕೊನೆಗೆ ಸಿಗುವುದು ಇಂತಹ ಆಸ್ಪತ್ರೆ ಎಂದರೆ ಜನರು ಖಾಸಗಿಯವನ ಬಾಗಿಲು ತಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಬಾವಿಯಲ್ಲಿ ನೀರು ಕೆಟ್ಟಿತೆಂದು ಊರವರೆಲ್ಲ ಸೋಡಾ ಕುಡಿದು ಬದುಕುವುದುಂಟೆ? ಬಾವಿಯ ಹೂಳೆತ್ತಬೇಕು.

ಖಾಸಗಿಯವನ ಬಾಗಿಲ ಅನುಭವವೂ ನಮಗಿದೆ. ಬಂಡೆಯ ಮೇಲಿಂದ ಬಿದ್ದ ಗೈಡು ಹುಡುಗನೊಬ್ಬನನ್ನು ರಾತ್ರಿ ಎತ್ತಿಕೊಂಡು ಒಂದು ಆಸ್ಪತ್ರೆಗೆ ಹೋದೆವು. ಕಿಟಕಿಯ ಹಿಂದಿನವನು ಹುಡುಗನ ಕಡೆ ನೋಡುವ ಮೊದಲು ನಮ್ಮ ಕೈ ನೋಡಿದನು. “ಕಾರ್ಡೋ, ಕ್ಯಾಶೋ?” ಎಂದನು. ಎರಡೂ ಇಲ್ಲವೆಂದಾಗ ಮುಂಗಡದ ಮೊತ್ತ ಹೇಳಿ, ಗೋಡೆಯ ಗಡಿಯಾರ ನೋಡುತ್ತಾ ಕುಳಿತನು. ಹುಡುಗನ ಅಣ್ಣ ಆಟೋ ಒತ್ತೆಯಿಟ್ಟು ಹಣ ತಂದನು.

ಅವನು ಕೇಳಿದ್ದು ಕಾನೂನಿಗೆ ವಿರುದ್ಧ. ತುರ್ತು ಸ್ಥಿತಿಯಲ್ಲಿ ಬಂದವನಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಬ್ಬ ವೈದ್ಯನೂ ಚಿಕಿತ್ಸೆ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 1989ರಲ್ಲಿ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಹೇಳಿತು. 1992ರ ಜುಲೈಯಲ್ಲಿ ಬಂಗಾಳದ ಕೃಷಿ ಕೂಲಿಯೊಬ್ಬನು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲ, ಯಂತ್ರವಿಲ್ಲ ಎಂದು ಒಂದರಿಂದ ಇನ್ನೊಂದಕ್ಕೆ ಅಟ್ಟಿದವು. ಅವನೂ ಪ್ರವಾಸಿಯೇ, ಮೂರನೆಯ ದರ್ಜೆಯ ಪ್ರವಾಸಿ. ಅವನ ಪರವಾಗಿ ಕೋರ್ಟಿಗೆ ಹೋದದ್ದು ವಿಮಾ ಕಂಪನಿಯಲ್ಲ, ಪಶ್ಚಿಮ ಬಂಗಾಳದ ಕೃಷಿ ಕೂಲಿಕಾರರ ಸಂಘ. 1996ರಲ್ಲಿ ತೀರ್ಪು ಬಂದಿತು: ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕಿನ ಉಲ್ಲಂಘನೆ, ಹಣದ ಕೊರತೆ ಸರ್ಕಾರಕ್ಕೆ ನೆಪವಾಗಕೂಡದು, ಗಾಯಾಳುವಿಗೆ 25,000 ರೂಪಾಯಿ ಪರಿಹಾರ ಕೊಡತಕ್ಕದ್ದು. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರದು. 2017ರಲ್ಲಿ ಅದಕ್ಕೆ ತಿದ್ದುಪಡಿ ತರಹೊರಟಾಗ ಖಾಸಗಿ ಆಸ್ಪತ್ರೆಗಳು ಬಾಗಿಲು ಹಾಕಿ ಮುಷ್ಕರ ಹೂಡಿದವು. ಗಿರಣಿಯವನು ಒಂದು ದಿನ ಮುಷ್ಕರ ಮಾಡಿದರೆ ದೇಶದ್ರೋಹವೆನ್ನುವ ಪತ್ರಿಕೆಗಳು ಅಂದು ಎಷ್ಟು ಮೆತ್ತಗೆ ಬರೆದುವೆಂಬುದು ನಮಗೆ ನೆನಪಿದೆ. ಹಲ್ಲು ಕೆಲವು ಉದುರಿದರೂ ತಿದ್ದುಪಡಿ ಬಂದಿತು. ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯಕೂಡದು, ಬಾಕಿ ಹಣಕ್ಕಾಗಿ ಹೆಣವನ್ನು ತಡೆದಿಡಕೂಡದು ಎಂಬ ಮಾತು ಅದರಲ್ಲಿದೆ.

ಆದುದರಿಂದ ಆಟೋ ಓಡಿಸುವವರೇ, ಹರಿಗೋಲಿನವರೇ, ಹಂಪಿಯ ದಾರಿಯಲ್ಲಿ ಅಂಗಡಿ ಇಟ್ಟವರೇ, ಗಾಯಗೊಂಡವನನ್ನು ಮೊದಲು ಎತ್ತಿಕೊಂಡು ಹೋಗುವವರು ನೀವೇ. ಇನ್ನು ಮೇಲೆ ಕಿಟಕಿಯ ಹಿಂದಿನವನು ಮುಂಗಡ ಕೇಳಿದರೆ, ಕೇಳಿದ ಮೊತ್ತವನ್ನು ಕಾಗದದಲ್ಲಿ ಬರೆದು ಮೊಹರು ಹಾಕಿ ಕೊಡು ಎನ್ನಿರಿ. ಬರೆದುಕೊಡಲಾರನು, ಆಗ ಹೊತ್ತು, ತಾರೀಖು, ಜೊತೆಗಿದ್ದ ಇಬ್ಬರ ಹೆಸರುಗಳನ್ನು ನೀವೇ ಬರೆದಿಟ್ಟುಕೊಳ್ಳಿರಿ. ದೂರು ಕೇಳಬೇಕಾದದ್ದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ. ಗಾಯವಾದದ್ದು ಯಾವ ದಡದಲ್ಲಾದರೂ ಆಸ್ಪತ್ರೆ ಹೊಸಪೇಟೆಯದಾದರೆ ವಿಜಯನಗರದ ಕಚೇರಿಗೆ, ಗಂಗಾವತಿಯದಾದರೆ ಕೊಪ್ಪಳಕ್ಕೆ, ಕಂಪ್ಲಿ ಸಂಡೂರುಗಳದಾದರೆ ಬಳ್ಳಾರಿಗೆ ಅರ್ಜಿ ಕೊಡಿರಿ. ಬರೆಯಲು ಬಾರದವರು ನಮ್ಮ ಕಚೇರಿಗೆ ಬನ್ನಿರಿ, ಬರೆದುಕೊಡುತ್ತೇವೆ. ಒಂದು ಪ್ರತಿಯನ್ನು ನಮಗೂ ಬಿಡಿರಿ, ಈ ಪುಟದಲ್ಲಿ ಅಚ್ಚುಹಾಕುತ್ತೇವೆ.